ತಾಳ ಹಿಡಿಯುವ ಪಟ್ಟಿ

ಮುಂಬೈಯ ರಸ್ತೆಗಳಿಂದ 2023ರ ಅಕ್ಟೋಬರ್‌ನಲ್ಲಿ ಮರೆಯಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೆನಪಿದೆಯಲ್ಲ? ಅದರ ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಎಂಬ ವಸ್ತುವೇ ಇರಲಿಲ್ಲ. ಕಲ್ಕತ್ತೆಯ ಹಳೆಯ ಅಂಬಾಸಡರ್‌ನಲ್ಲೂ ಇರಲಿಲ್ಲ. ಎರಡರಲ್ಲೂ ಆ ಕೆಲಸ ಮಾಡುತ್ತಿದ್ದದ್ದು ಒಂದು ಗಿಡ್ಡ ಕಬ್ಬಿಣದ ಚೈನು. ಸವೆದರೆ ಕಟಕಟ ಸದ್ದು ಮಾಡಿ ತಾನೇ ದೂರು ಹೇಳಿಕೊಳ್ಳುತ್ತಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರವಾಯಿತು. ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಮುಚ್ಚಳದೊಳಗೆ, ಹಲ್ಲುಗಳಿದ್ದ ರಬ್ಬರ್ ಪಟ್ಟಿಯೊಂದು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಸದ್ದಿಲ್ಲದೆ ಬಂತು. ಸದ್ದಿಲ್ಲದಿರುವುದೇ ಅದರ ಗುಣ. ಅದೇ ಅದರ ಅಪಾಯವೂ ಹೌದು.

ಪಟ್ಟಿಯ ಕೆಲಸ ಹೇಳುವುದಕ್ಕೆ ಸುಲಭ. ಕೆಳಗೆ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ದಂಡ, ಮೇಲೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಒಂದು ಹಲ್ಲು ಆಚೀಚೆಯಾದರೂ ತಾಳ ತಪ್ಪುತ್ತದೆ.

ಪದ್ಮಿನಿಯಂಥ ಎಂಜಿನ್ನಿನಲ್ಲಿ ಕ್ಯಾಮ್ ದಂಡ ಕೆಳಗೇ, ಕ್ರ್ಯಾಂಕಿನ ನೆರೆಯಲ್ಲೇ ಇರುತ್ತಿತ್ತು. ಅದಕ್ಕೇ ಗಿಡ್ಡ ಚೈನು ಸಾಕಾಗುತ್ತಿತ್ತು. ಕ್ಯಾಮನ್ನು ಎಂಜಿನ್ನಿನ ತಲೆಯ ಮೇಲೆ ಕೂರಿಸಿದರೆ ವಾಲ್ವ್‌ಗಳು ಚುರುಕಾಗುತ್ತವೆ, ಎಂಜಿನ್ ಹೆಚ್ಚು ವೇಗ ತಾಳುತ್ತದೆ. ಇದು ಎಂಜಿನಿಯರುಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಅಷ್ಟು ಎತ್ತರಕ್ಕೆ ಉದ್ದನೆಯ ಚೈನು, ಅದಕ್ಕೆ ಎಣ್ಣೆ, ಅದು ಅಲುಗದಂತೆ ಹಿಡಿಯುವ ಪಟ್ಟೆಗಳು ಬೇಕು. ಇವೆಲ್ಲ ದುಬಾರಿ, ಗದ್ದಲವೂ ಹೆಚ್ಚು. ಹಾಗಾಗಿ ಮೇಲಿನ ಕ್ಯಾಮ್ ಬಹುಮಟ್ಟಿಗೆ ಸಿರಿವಂತರ ಕಾರಿಗೂ ಪಂದ್ಯದ ಕಾರಿಗೂ ಮೀಸಲಾಗಿತ್ತು.

ಬಿಡುಗಡೆ ಬಂದದ್ದು ಬಟ್ಟೆಯ ಲೋಕದಿಂದ. ಜಾರದ ಹಲ್ಲಿನ ರಬ್ಬರ್ ಪಟ್ಟಿ 1940ರ ದಶಕದ ಅಮೆರಿಕದಲ್ಲಿ ಬಟ್ಟೆ, ಹೊಲಿಗೆಯ ಯಂತ್ರಗಳಿಗಾಗಿ ಬೆಳೆದ ವಸ್ತು. ಸೂಜಿ ಮತ್ತು ಬಾಬಿನ್ ಒಂದೇ ಲೆಕ್ಕದಲ್ಲಿ ನಡೆಯಬೇಕಾದ ಕಡೆ ಅದು ಹೇಳಿ ಮಾಡಿಸಿದಂತಿತ್ತು. ಅದನ್ನು ಮೊದಲು ಮಾರಾಟದ ಕಾರಿಗೆ ತಂದದ್ದು ದೊಡ್ಡ ಹೆಸರಿನ ಯಾವ ಕಂಪನಿಯೂ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ ಡಿಂಗೋಲ್ಫಿಂಗ್ ಎಂಬ ಊರು. ಅಲ್ಲಿ ಬಿತ್ತನೆ ಯಂತ್ರ ಮಾಡುತ್ತಿದ್ದ ಗ್ಲಾಸ್ ಕುಟುಂಬ ಯುದ್ಧಾನಂತರ ಸ್ಕೂಟರಿಗೆ ಇಳಿಯಿತು, 1955ರಲ್ಲಿ ಗೊಗ್ಗೊಮೊಬಿಲ್ ಎಂಬ ಪುಟಾಣಿ ಕಾರು ತಂದಿತು. 1962ರಲ್ಲಿ ಮಾರಾಟಕ್ಕೆ ಬಂದ ಅವರ ಗ್ಲಾಸ್ 1004 ಕಾರಿನ 992 ಸಿಸಿ ಎಂಜಿನ್ನಿನಲ್ಲಿ ಕ್ಯಾಮ್ ಮೇಲಿತ್ತು, ಅದನ್ನು ತಿರುಗಿಸಲು ಹಲ್ಲಿನ ಪಟ್ಟಿ ಇತ್ತು. ರೈತರ ಯಂತ್ರ ಮಾಡುತ್ತಿದ್ದವರು ಇದನ್ನು ಸಾಧಿಸಿದ್ದು ನನಗೆ ಇಡೀ ಕಥೆಯ ಅತ್ಯಂತ ಇಷ್ಟದ ಭಾಗ. ಕಂಪನಿ ಮಾತ್ರ ಉಳಿಯಲಿಲ್ಲ; 1966ರಲ್ಲಿ ಬಿಎಂಡಬ್ಲ್ಯೂ ಕೊಂಡುಕೊಂಡಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಪಾಂಟಿಯಾಕ್ ತನ್ನ ಆರು ಸಿಲಿಂಡರಿನ ಎಂಜಿನ್ನಿಗೆ ಬೆಲ್ಟ್ ಹಾಕಿತು. ಇಟಲಿಯಲ್ಲಿ, ಹಿಂದೆ ಫೆರಾರಿಗೆ ಎಂಜಿನ್ ರೂಪಿಸಿದ್ದ ಆರೇಲಿಯೋ ಲಾಂಪ್ರೆಡಿ ಫಿಯೆಟ್‌ಗಾಗಿ ಬೆಲ್ಟಿನ ಜೋಡಿ ಕ್ಯಾಮ್ ಎಂಜಿನ್ ಮಾಡಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬೆಲ್ಟ್ ಅಗ್ಗದ ಕಾರಿನ ಸಾಮಾನ್ಯ ಅಂಗವಾಯಿತು. ನಮ್ಮಲ್ಲಿ ಮಾರುತಿಯ ನಂತರ ಝೆನ್, ಎಸ್ಟೀಮ್, 1998ರ ಸ್ಯಾಂಟ್ರೊ, ಆಮೇಲೆ ಇನ್ನೋವಾದ ಡೀಸೆಲ್ ಎಂಜಿನ್ನೂ ಇದೇ ದಾರಿ ಹಿಡಿದವು.

ಈ ಸೌಲಭ್ಯಕ್ಕೆ ತೆತ್ತ ಬೆಲೆ ಬೇರೆ. ರಬ್ಬರ್ ಸವೆಯುವುದು ಕಿವಿಗೆ ಕೇಳುವುದಿಲ್ಲ. ಜೊತೆಗೆ ಮೈಲೇಜಿಗಾಗಿ, ಶಕ್ತಿಗಾಗಿ ಎಂಜಿನ್ನಿನ ಒಳಜಾಗ ಬಿಗಿಯಾಗುತ್ತ ಬಂತು. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವ್ ಕೆಳಗಿಳಿಯುತ್ತದೆ. ಇಬ್ಬರೂ ಒಂದೇ ಕೋಣೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುವ ಬಾಡಿಗೆದಾರರಂತೆ. ಬೆಲ್ಟ್ ಹರಿದರೆ ಹೊತ್ತು ನೋಡಿಕೊಳ್ಳುವವರಿಲ್ಲ. ವಾಲ್ವ್ ಬಾಗುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಹಳೆಯ ಕಾರಾದರೆ ರಿಪೇರಿಯ ಬಿಲ್ಲು ಕಾರಿನ ಬೆಲೆಯನ್ನೇ ಮೀರೀತು.

ಈಗ ಬೆಲ್ಟನ್ನು ಮನೆಯಲ್ಲೇ ಬಿಚ್ಚುವ ವಿಷಯ. ಒಂದೇ ಕ್ಯಾಮಿನ ಸಣ್ಣ ಪೆಟ್ರೋಲ್ ಎಂಜಿನ್, ಸಮತಟ್ಟಾದ ಜಾಗ, ಆ ಮಾದರಿಯ ಸರ್ವಿಸ್ ಪುಸ್ತಕ, ಇಡೀ ಒಂದು ದಿನದ ಬಿಡುವು ಇದ್ದರೆ ತಾಳ್ಮೆಯವರಿಗೆ ಇದು ಸಾಧ್ಯ. ಕ್ಯಾಮ್, ಪಂಪ್‌ಗಳಿಗೆ ಪ್ರತ್ಯೇಕ ಲಾಕಿಂಗ್ ಪಿನ್ನುಗಳು ಬೇಕಾಗುವ ಡೀಸೆಲ್, ಎಣ್ಣೆಯೊಳಗೇ ಬೆಲ್ಟ್ ಓಡುವ ಹೊಸ ಎಂಜಿನ್, ಇವನ್ನು ಮನೆಯಲ್ಲಿ ಮುಟ್ಟಬೇಡಿ ಎಂದೇ ಹೇಳುತ್ತೇನೆ.

ಮೊದಲು ಮೈಕೈಯ ಸುರಕ್ಷೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಲಿ. ಚಕ್ರ ತೆಗೆಯಬೇಕಾದರೆ ಕಾರು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು; ಬರೀ ಜ್ಯಾಕನ್ನೋ ಜೋಡಿಸಿಟ್ಟ ಇಟ್ಟಿಗೆಯನ್ನೋ ನಂಬಿ ಯಾರೂ ಕಾರಿನ ಕೆಳಗೆ ತೂರಬಾರದು. ಅಡ್ಡಡ್ಡ ಕೂತ ಎಂಜಿನ್‌ಗಳಲ್ಲಿ ಬೆಲ್ಟಿನ ಕಡೆಯ ಮೌಂಟನ್ನು ಹಲವು ಸಲ ಬಿಚ್ಚಬೇಕಾಗುತ್ತದೆ. ಆಗ ಎಂಜಿನ್ನಿನ ಭಾರಕ್ಕೆ ಕೆಳಗಿನಿಂದ ಮರದ ಹಲಗೆಯಿಟ್ಟು ಆಧಾರ ಕೊಟ್ಟ ಮೇಲೆಯೇ ಬೋಲ್ಟಿಗೆ ಕೈ ಹಾಕಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಹಟಮಾರಿ. ಸ್ಪ್ಯಾನರನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ತಿರುಗಿಸುವ ಒಂದು ಗ್ಯಾರೇಜ್ ಚಮತ್ಕಾರವಿದೆ. ಸ್ಪ್ಯಾನರ್ ಜಾರಿದರೆ ಯಾರ ಮೂಳೆ ಮುರಿಯುತ್ತದೋ ಹೇಳಲಾಗದು. ಪುಲ್ಲಿ ತಿರುಗದಂತೆ ಹಿಡಿಯುವ ಸಾಧನವನ್ನೇ ಬಳಸಿ.

ಆಮೇಲೆ ಎಂಜಿನ್ನಿನ ಸುರಕ್ಷೆ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಗೆ ಹಗುರಾಗಿ ತಿರುಗುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಕ್ಯಾಮಿನ ಮತ್ತು ಕ್ರ್ಯಾಂಕಿನ ಹಲ್ಲುಚಕ್ರಗಳ ಗುರುತುಗಳು ಎಂಜಿನ್ ಮೈಮೇಲಿನ ಗುರುತುಗಳಿಗೆ ಕೂಡಬೇಕು. ಯಾವ ಗುರುತು ಯಾವುದಕ್ಕೆ ಎಂಬುದನ್ನು ಪುಸ್ತಕ ನೋಡಿಯೇ ನಿರ್ಧರಿಸಿ. ಒಂದೇ ಚಕ್ರದ ಮೇಲೆ ಎರಡು ಮೂರು ಗುರುತಿರುವುದುಂಟು. ಫೋಟೋ ತೆಗೆದಿಡಿ, ಬಿಳಿ ಬಣ್ಣದ ಚುಕ್ಕಿಯನ್ನೂ ಇಡಿ. ಆಮೇಲೆ ಟೆನ್ಷನರ್ ಸಡಿಲಿಸಿ ಬೆಲ್ಟನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಿ.

ಬೆಲ್ಟ್ ಕೈಗೆ ಬಂದ ಆ ಕ್ಷಣದಿಂದ ಎರಡು ದಂಡಗಳಿಗೆ ಪರಸ್ಪರ ಪರಿಚಯವಿಲ್ಲ. ಯಾವುದನ್ನೂ ತಿರುಗಿಸಬಾರದು. ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕೆಲವೊಮ್ಮೆ ಕ್ಯಾಮ್ ತಾನೇ ಸ್ವಲ್ಪ ಜಿಗಿಯುತ್ತದೆ, ಬೆರಳು ದೂರವಿರಲಿ. ಮಕ್ಕಳು ಬಂದು ಕೀಲಿಕೈ ತಿರುಗಿಸದಂತೆ ಅದನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

ಹೊಸ ಬೆಲ್ಟಿನೊಳಗೆ ಗಾಜಿನ ನಾರಿನ ಎಳೆಗಳಿರುತ್ತವೆ. ಮಡಿಸಿದರೆ ಅವು ಹೊರಗೆ ಕಾಣದಂತೆ ಮುರಿಯುತ್ತವೆ. ಮಡಿಸಬೇಡಿ, ತಿರುಚಬೇಡಿ, ಎಣ್ಣೆ ತಾಗಿಸಬೇಡಿ. ಟೆನ್ಷನರನ್ನೂ ಬದಲಿಸಿ. ಬೆಲ್ಟೇ ತಿರುಗಿಸುವ ವಾಟರ್ ಪಂಪ್ ಇದ್ದರೆ ಅದನ್ನೂ ಇದೇ ಸಲ ಬದಲಿಸುವುದು ಜಾಣತನ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರುವಂತೆ ಬೆಲ್ಟ್ ಕೂರಿಸಿ, ಪುಸ್ತಕ ಹೇಳಿದಷ್ಟೇ ಬಿಗಿ ಕೊಡಿ. ಆಮೇಲೆ ಕೈಯಲ್ಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಲೇಬೇಡಿ. ಅದು ಪಿಸ್ಟನ್ ವಾಲ್ವಿಗೆ ತಾಗಿರುವ ಸೂಚನೆಯಾಗಿರಬಹುದು. ಕೈಬಲಕ್ಕೆ ನಿಂತದ್ದನ್ನು ಸ್ಟಾರ್ಟರ್ ನಿಲ್ಲಿಸುವುದಿಲ್ಲ. ಎರಡು ಸುತ್ತಿನ ನಂತರ ಗುರುತುಗಳು ಮತ್ತೆ ಕೂಡಿದರೆ ಮಾತ್ರ ಪ್ಲಗ್ ಹಾಕಿ, ಮುಚ್ಚಳ ಹಾಕಿ, ಕೀಲಿಕೈ ತೆಗೆಯಿರಿ.

ಮಾರುತಿ 2008ರಲ್ಲಿ ತಂದ ಕೆ-ಸರಣಿಯ ಎಂಜಿನ್‌ನಲ್ಲಿ ಬೆಲ್ಟಿನ ಬದಲು ಚೈನಿತ್ತು. ಬೆಲ್ಟಿನ ಹಳೆಯ ಕಾರುಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಇನ್ನೋವಾದಂಥ ಕೆಲವಲ್ಲಿ ಬೆಲ್ಟ್ ಬದಲಿಸಿ ಎಂದು ನೆನಪಿಸುವ ದೀಪವೇ ಮೀಟರ್ ಫಲಕದಲ್ಲಿದೆ. ಮಾರುತಿ 800ರಲ್ಲಿ ಇಲ್ಲ. ಅಲ್ಲಿ ಮುಂದಿನ ಒಡೆಯನಿಗೆ ಸಿಗುವ ಸುಳಿವೆಂದರೆ, ಬಾನೆಟ್ಟಿನ ಒಳಗೆ ಯಾರೋ ಅಂಟಿಸಿದ ಚೀಟಿಯ ಮೇಲಿನ ತಾರೀಖು ಮತ್ತು ಕಿಲೋಮೀಟರ್ ಸಂಖ್ಯೆ.