ಒಂದು ಟ್ರಂಕು, ಮೂರು ತಲೆಮಾರಿನ ಬಟ್ಟೆ

ಉಮ್ಮ ತೀರಿಕೊಂಡ ಕೆಲವು ವಾರಗಳ ಬಳಿಕ ನಾವು ಒಡಹುಟ್ಟಿದ ನಾಲ್ವರೂ ಕುಳಿತು ಅವರ ತಗಡಿನ ಟ್ರಂಕನ್ನು ತೆರೆದೆವು. ಅದು ನಿಜವಾಗಿ ಉಮ್ಮನದಲ್ಲ, ಅಜ್ಜಿಯದು. ಅಜ್ಜಿಯ ಕಾಲದಿಂದಲೂ ಅದರೊಳಗೆ ಒಣಗಿದ ಕೇದಗೆಯ ಎಸಳುಗಳು ಇರುತ್ತಿದ್ದವು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಂತೆ ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು ಬಿಸಿಲಿಗೆ ಹಾಕಿ ಮತ್ತೆ ಅದೇ ಮಡಿಕೆಯಲ್ಲಿ ಮಡಚಿಡುವುದು ಉಮ್ಮನ ಕೆಲಸವಾಗಿತ್ತು. ಯಾರೂ ಉಡದ ಬಟ್ಟೆಗಳಿಗೆ ಇಷ್ಟೊಂದು ಉಪಚಾರವೇಕೆಂದು ನಾವು ನಗುತ್ತಿದ್ದೆವು.

ಅರಸರ ಉಡುಗೆಗಳಿಗೆ ವಸ್ತು ಸಂಗ್ರಹಾಲಯಗಳಿವೆ. ಒಣಮೀನಿನ ವ್ಯಾಪಾರಿಯ ಹೆಂಡತಿ ಏನು ಉಡುತ್ತಿದ್ದಳು ಎಂದು ತಿಳಿಯಬೇಕಾದರೆ ಇಂತಹ ಟ್ರಂಕುಗಳನ್ನೇ ಹುಡುಕಬೇಕು. ಅವು ಕೂಡ ಈಗ ಉಳಿದಿಲ್ಲ. ಹತ್ತಿಯ ಹಳೆಯ ಬಟ್ಟೆ ಮೊದಲು ತೊಟ್ಟಿಲಿಗೆ, ಆಮೇಲೆ ಮಸಿಬಟ್ಟೆಗೆ ಹೋಗುವುದು ವಾಡಿಕೆ.

ಮೇಲಿನ ಪದರದಲ್ಲಿ ಅಜ್ಜಿಯ ತುಣಿ, ಕುಪ್ಪಾಯ, ಯಾಲಸರ ಇದ್ದವು. ಬ್ಯಾರಿ ಮಹಿಳೆಯರ ಹಳೆಯ ಉಡುಗೆಯೆಂದರೆ ಈ ಮೂರು. ಸೊಂಟಕ್ಕೆ ಸುತ್ತುವ ಬಟ್ಟೆ ತುಣಿ, ಮೇಲಿನ ಅಂಗಿ ಕುಪ್ಪಾಯ, ತಲೆಗೆ ಯಾಲಸರ. ಮನೆಯಿಂದ ಹೊರಗೆ ಕಾಲಿಡುವಾಗ ಇವೆಲ್ಲದರ ಮೇಲೆ ಮೈತುಂಬ ಹೊದ್ದುಕೊಳ್ಳುವ ದೊಡ್ಡ ಬಟ್ಟೆಗೆ ವಲ್ಲಿ ಎಂದು ಹೆಸರು. ಅಜ್ಜಿಯ ವಲ್ಲಿಯ ಅಂಚಿನಲ್ಲಿ ಎರಡು ಕಡೆ ತೇಪೆಯಿತ್ತು. ಅದಕ್ಕೊಂದು ಕಾರಣವಿದೆ. ಅವರ ಮದುವೆಯಾದದ್ದು 1944ರಲ್ಲಿ. ಎರಡನೇ ಮಹಾಯುದ್ಧದ ಕಾಲ. ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗಿ, ಪೇಟೆಯಲ್ಲಿ ಬಟ್ಟೆಯ ಬೆಲೆ ಏರಿ, 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತಂದಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದುವೆಯ ವಲ್ಲಿಗೆ ಒಂದೇ ತುಂಡು ಬಟ್ಟೆ ಸಿಗದೆ, ಅಜ್ಜಿಯ ಉಮ್ಮ ತಮ್ಮ ವಲ್ಲಿಯಿಂದಲೇ ಕತ್ತರಿಸಿ ಜೋಡಿಸಿ ಕೊಟ್ಟಿದ್ದರಂತೆ. ‘ಕಂಟ್ರೋಲ್ ಕಾಲದ ಮದುಮಗಳು’ ಎಂದು ಅಜ್ಜಿ ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದುದು ನಮಗೆ ನೆನಪಿದೆ. ಆ ತೇಪೆ ಮುತ್ತಜ್ಜಿಯ ಬಟ್ಟೆಯದು ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

ಅದರ ಕೆಳಗೆ ಅಜ್ಜನ ರೂಮಿ ಟೋಪಿ. ಈ ಟೋಪಿಯ ಕಥೆ ಸ್ವಲ್ಪ ದೀರ್ಘವಾದುದು. 1820ರ ದಶಕದ ಕೊನೆಯಲ್ಲಿ ಉಸ್ಮಾನಿ ಸುಲ್ತಾನ ಎರಡನೇ ಮಹಮೂದ್, ಪೇಟಗಳನ್ನು ಬಿಡಿಸಿ ತನ್ನ ಸೈನಿಕರಿಗೆ, ನೌಕರರಿಗೆ ಇದನ್ನು ತೊಡಿಸಿದ. ಆಗ ಅದು ಆಧುನಿಕತೆಯ ಗುರುತು. ಟೋಪಿಗಳಲ್ಲಿ ಬಹಳಷ್ಟು ತಯಾರಾಗಿ ಬರುತ್ತಿದ್ದುದು ಆಸ್ಟ್ರಿಯಾದ ಕಾರ್ಖಾನೆಗಳಿಂದ. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ತನ್ನದೆಂದು ಘೋಷಿಸಿದಾಗ ತುರ್ಕಿಯ ಜನ ಈ ಟೋಪಿಗಳನ್ನೇ ಬಹಿಷ್ಕರಿಸಿದ್ದರು. ಭಾರತದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರ ಅಲಿಗಢದ ಮೂಲಕ ಅದು ವಿದ್ಯಾವಂತ ಮುಸ್ಲಿಮರ ತಲೆಯೇರಿತು. ಖಿಲಾಫತ್ ಚಳವಳಿಯ ಕಾಲದಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂತು. 1920ರ ಆಗಸ್ಟ್‌ನಲ್ಲಿ ಗಾಂಧೀಜಿಯೂ ಮೌಲಾನಾ ಶೌಕತ್ ಅಲಿಯೂ ಮಂಗಳೂರಿಗೆ ಬಂದಾಗ ಮುತ್ತಜ್ಜ ಭಾಷಣ ಕೇಳಲು ನಡೆದೇ ಹೋಗಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. 1924ರಲ್ಲಿ ತುರ್ಕಿ ಖಿಲಾಫತನ್ನೇ ರದ್ದು ಮಾಡಿತು. ಮರುವರ್ಷ ನವೆಂಬರ್‌ನಲ್ಲಿ ಕಾನೂನು ಮಾಡಿ ಈ ಟೋಪಿಯನ್ನೂ ನಿಷೇಧಿಸಿತು. ಒಂದು ಶತಮಾನದ ಹಿಂದೆ ಬಲವಂತದಿಂದ ತೊಡಿಸಿದ್ದನ್ನು ಬಲವಂತದಿಂದಲೇ ತೆಗೆಸಲಾಯಿತು. ಇಲ್ಲಿ ನಮ್ಮಜ್ಜ ಅದಾಗಿ 19 ವರ್ಷಗಳ ಬಳಿಕವೂ ಮದುಮಗನಾಗಿ ಅದನ್ನೇ ಧರಿಸಿ ಕುಳಿತಿದ್ದರು!

ಟೋಪಿಗೆ ಈಗ ಗೊಂಡೆಯಿಲ್ಲ. ಅದು ನಮ್ಮದೇ ತಪ್ಪು. ಶಾಲೆಯ ನಾಟಕಕ್ಕೆಂದು ಹೇಳದೆ ಕೇಳದೆ ಒಯ್ದು, ವಿದೂಷಕನ ಪಾತ್ರ ಮಾಡಿದ ಗೆಳೆಯನಿಗೆ ತೊಡಿಸಿದೆವು. ಎಳೆದಾಟದಲ್ಲಿ ಗೊಂಡೆ ಕಿತ್ತುಹೋಯಿತು. ಅಜ್ಜ ಆಗಲೇ ತೀರಿಕೊಂಡಿದ್ದರು. ಯಾರಿಗೂ ಗದರದ ಅಜ್ಜಿ ಅಂದು ಎರಡು ಹೊತ್ತು ಊಟ ಮಾಡಲಿಲ್ಲ.

ಟ್ರಂಕಿನ ನಡುವಿನಲ್ಲಿ ತಂದೆಯವರ ಖಾಕಿ ಅಂಗಿ ಸಿಕ್ಕಿತು. ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರರಾಗಿದ್ದರು. ಜೇಬಿನ ಮೂಲೆಯಲ್ಲಿ ಟಿಕೇಟಿನ ಶಾಯಿಯ ಕಲೆ ಇನ್ನೂ ಇದೆ. ಖಾಕಿ ಎಂದರೆ ಮಣ್ಣಿನ ಬಣ್ಣದ್ದು. ‘ಖಾಕ್’ ಪಾರ್ಸಿಯಿಂದ ಉರ್ದುವಿಗೆ ಬಂದ ಪದ. 1846ರಲ್ಲಿ ಪೇಶಾವರದಲ್ಲಿ ಹುಟ್ಟಿಕೊಂಡ ಬ್ರಿಟಿಷರ ಗೈಡ್ಸ್ ಪಡೆ ಈ ಬಣ್ಣವನ್ನು ಮೊದಲಿಗೆ ತೊಟ್ಟಿತು. ಆದರೆ ಒಗೆದರೆ ಬಣ್ಣ ಮಾಸುತ್ತಿತ್ತು. ಮಾಸದ ಖಾಕಿಯ ಕೀರ್ತಿಯನ್ನು ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೂ, 1851ರಲ್ಲಿ ಯುರೋಪಿನಿಂದ ಬಂದ ಜಾನ್ ಹಾಲರ್ ಎಂಬ ನೇಕಾರನಿಗೂ ಕೊಡಲಾಗುತ್ತದೆ. ತಂದೆ ಅದೇ ಬಲ್ಮಠದ ರಸ್ತೆಯಲ್ಲಿ ದಿನಕ್ಕೆ ಹತ್ತು ಸಲ ಓಡಾಡಿದವರು. ಆ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೂ ಗೊತ್ತಾದದ್ದು ಅವರು ಹೋದ ಮೇಲೆ.

1977ರಲ್ಲಿ ತಂದೆ ಆ ಅಂಗಿಯನ್ನು ಕಳಚಿ, ಮುಂಬೈ ದಾರಿಯಾಗಿ ದಮ್ಮಾಮಿಗೆ ಹೋದರು. 1973ರ ಬಳಿಕ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳು ಕೆಲಸಗಾರರನ್ನು ಕರೆಯುತ್ತಿದ್ದ ಕಾಲ. ಎರಡು ವರ್ಷಗಳಿಗೊಮ್ಮೆ ಬರುವಾಗ ಪೆಟ್ಟಿಗೆಯ ತುಂಬ ಫಾರಿನ್ ಸೀರೆ. ಜಪಾನಿನಲ್ಲಿ ತಯಾರಾಗಿ, ಅರಬ್ ಪೇಟೆಯಲ್ಲಿ ಮಾರಾಟವಾಗಿ ನಮ್ಮ ಹಳ್ಳಿಗೆ ಬಂದ ನೈಲಾನು, ಪಾಲಿಯೆಸ್ಟರು. ನೆರೆಮನೆಯವರಿಗೂ ಒಂದೊಂದು ಕೊಡಬೇಕು. ಸೆಕೆಗೆ ಮೈಗೆ ಅಂಟಿಕೊಳ್ಳುವ ಆ ಸೀರೆಗಳಲ್ಲಿ ಹನ್ನೊಂದು ಈಗಲೂ ಹೊಸದರಂತಿವೆ. ಉಮ್ಮ ಅವನ್ನು ಉಟ್ಟದ್ದಕ್ಕಿಂತ ಎಣಿಸಿದ್ದೇ ಹೆಚ್ಚು.

ಅಜ್ಜಿಯ ಕಣ್ಣಿಗೆ ಸೀರೆಯೇ ಪರಕೀಯವಾಗಿತ್ತು. 1965ರಲ್ಲಿ ಸೊಸೆಯಾಗಿ ಬಂದ ಉಮ್ಮ ಸೀರೆ ಉಟ್ಟಾಗ ‘ಸೊಂಟ ಕಾಣುತ್ತದೆ’ ಎಂದು ಅಜ್ಜಿ ಮುಖ ತಿರುಗಿಸಿದ್ದರಂತೆ. ಉಮ್ಮ ತೋಳು ತುಂಬುವ, ಸೊಂಟದ ಕೆಳಗೆ ಇಳಿಯುವ ರವಿಕೆ ಹೊಲಿಸಿಕೊಂಡು ರಾಜಿ ಮಾಡಿಕೊಂಡರು. ಕಪ್ಪು ಬುರ್ಖಾ ಈ ಮನೆಗೆ ಬಂದದ್ದು ಅದಾಗಿ ಮೂವತ್ತು ವರ್ಷಗಳ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ. ಆದುದರಿಂದ ಇದೇ ನಮ್ಮ ಸಂಪ್ರದಾಯ, ಇದಲ್ಲ ಎಂದು ಬೆರಳು ಮಾಡುವವರ ಮಾತು ಕೇಳಿದಾಗ, ಅವರು ಹೊರಗಿನವರಾಗಲಿ ನಮ್ಮವರಾಗಲಿ, ಯಾವ ಅಜ್ಜಿಯ ಸಂಪ್ರದಾಯ ಎಂದು ಕೇಳಬೇಕೆನಿಸುತ್ತದೆ. ಮೈ ಮುಚ್ಚಬೇಕೆಂಬ ಹಂಬಲ ಮೂವರಲ್ಲೂ ಒಂದೇ ಆಗಿತ್ತು. ಬಟ್ಟೆ ಮಾತ್ರ ಆಯಾ ಕಾಲದ ಪೇಟೆಯಿಂದ ಬಂದಿತ್ತು.

ಟ್ರಂಕಿಗೆ ಕೊನೆಯದಾಗಿ ಸೇರಿದ್ದು ಅಕ್ಕನ ಮಗಳ ಕಾಲೇಜು ಸಮವಸ್ತ್ರದ ಶಾಲು. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ಓದುಗರಿಗೆ ತಿಳಿದಿದೆ. ಅವಳು ಒಂದು ವರ್ಷ ಕಳೆದುಕೊಂಡು, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದಳು. ಆ ಶಾಲನ್ನು ಉಮ್ಮ ಯಾರಿಗೂ ಹೇಳದೆ ಒಗೆದು ಮಡಚಿ, ಅಜ್ಜಿಯ ವಲ್ಲಿಯ ಜೊತೆ ಇಟ್ಟಿದ್ದರು. ಅದನ್ನು ಕಂಡು ಹುಡುಗಿ ಅತ್ತದ್ದಕ್ಕೆ ನಮ್ಮಲ್ಲಿ ಸಮಾಧಾನದ ಮಾತಿರಲಿಲ್ಲ.

ಹಂಚಿಕೆಯಲ್ಲಿ ಜಗಳವೇನೂ ಆಗಲಿಲ್ಲ. ಬುರ್ಖಾ ತೊಡುವ ಅಕ್ಕನೂ, ಶಾಲು ಮಾತ್ರ ಹೊದೆಯುವ ತಂಗಿಯೂ ವಲ್ಲಿ ತಮಗೇ ಬೇಕೆಂದರು. ಕಡೆಗೆ ಅದು ಶಾಲಿನ ಒಡತಿಗೆ ಹೋಯಿತು. ಖಾಕಿ ಅಂಗಿ ತಮ್ಮನ ಪಾಲಿಗೆ. ಗೊಂಡೆಯಿಲ್ಲದ ಟೋಪಿ ಯಾರ ಪಾಲಿಗೆಂದು ಹೇಳಬೇಕಾಗಿಲ್ಲ.

ತಳದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಉಳಿದಿತ್ತು. ಅಜ್ಜ 1963ರಲ್ಲಿ ಮುಂಬೈಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗಿದ್ದರು. ಆ ಹಡಗುಗಳ ಯಾನ 1995ಕ್ಕೆ ನಿಂತುಹೋಯಿತು. ಬರುವಾಗ ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿದ ಎರಡು ಕಫನ್ ತಂದಿದ್ದರು, ಒಂದು ತಮಗೆ, ಒಂದು ಅಜ್ಜಿಗೆ. 1994ರ ಮಳೆಗಾಲದಲ್ಲಿ ಅಜ್ಜಿಯದನ್ನು ತೆಗೆದೆವು. ಅಜ್ಜ ಮಾತ್ರ 1968ರಲ್ಲಿ ವ್ಯಾಪಾರಕ್ಕೆಂದು ಹೋದಲ್ಲೇ, ಮುಂಬೈಯಲ್ಲಿ ತೀರಿಕೊಂಡು ಅಲ್ಲಿನದೇ ಬಟ್ಟೆಯಲ್ಲಿ ಮಣ್ಣಾಗಿದ್ದರು. ಅವರ ಪಾಲಿನದು ಉಮ್ಮ ಪ್ರತಿ ವರ್ಷ ಬಿಸಿಲು ಕಾಣಿಸಿದ್ದರಿಂದ ಇನ್ನೂ ಬೆಳ್ಳಗಿದೆ. ನಾವು ಯಾರೂ ಅದನ್ನು ಕೇಳಲಿಲ್ಲ. ಕಟ್ಟನ್ನು ಬಿಚ್ಚದೆ ಅಲ್ಲೇ ಇಟ್ಟು, ಟ್ರಂಕು ಮುಚ್ಚಿದೆವು.