ಮೂಕಿಯಿಂದ ಮಾತಿಗೆ: ವೈ.ವಿ. ರಾವ್ ಅವರ ದಾರಿ

ಜತ್ತ ಭಾಗದ ಕನ್ನಡಿಗರಾದ ನಮಗೆ ಕೊಲ್ಲಾಪುರ ಎಂದರೆ ಮಹಾಲಕ್ಷ್ಮಿಯ ಗುಡಿ, ಬೆಲ್ಲದ ಪೇಟೆ. ಕನ್ನಡದಲ್ಲಿ ತೆರೆಕಂಡ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತಯಾರಾದದ್ದೂ ಅದೇ ಊರಿನಲ್ಲಿ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಅದನ್ನು ನಿರ್ದೇಶಿಸಿದವರು ನೆಲ್ಲೂರಿನ ತೆಲುಗರು, ಯರಗುಡಿಪಾಟಿ ವರದರಾವ್. ಚಿತ್ರರಂಗದಲ್ಲಿ ಅವರು ವೈ.ವಿ. ರಾವ್ ಎಂದೇ ಹೆಸರಾದವರು.

1903ರಲ್ಲಿ ಹುಟ್ಟಿದ ರಾವ್ ನಾಟಕದಿಂದ ಸಿನಿಮಾಕ್ಕೆ ಬಂದರು. ಕೊಲ್ಲಾಪುರ, ಮುಂಬಯಿಗಳಲ್ಲಿ ಮೂಕಿ ಚಿತ್ರಗಳ ಅನುಭವ ಪಡೆದು ಮದ್ರಾಸಿಗೆ ಹೋದರು. ಅಲ್ಲಿ ‘ಗರುಡ ಗರ್ವಭಂಗಂ’ (1929) ಮುಂತಾದವುಗಳಲ್ಲಿ ನಟಿಸಿದರು. ‘ಪಾಂಡವ ನಿರ್ವಾಣ’ (1930), ‘ಹರಿಮಾಯಾ’ (1932) ಎಂಬ ಮೂಕಿ ಚಿತ್ರಗಳನ್ನು ತಾವೇ ನಿರ್ದೇಶಿಸಿದರು.

ಹೀಗೆ ಊರೂರು ಸುತ್ತಿ ದುಡಿಯಲು ಅವರಿಗೆ ಭಾಷೆ ಅಡ್ಡಬರಲಿಲ್ಲ. ಮೂಕಿ ಚಿತ್ರದಲ್ಲಿ ನಟನ ಮುಖವೇ ಮಾತು. ನಡುನಡುವೆ ಬರುವ ಬರಹದ ಪಟ್ಟಿಗಳನ್ನು ಬದಲಿಸಿದರೆ ಅದೇ ಚಿತ್ರ ಬೇರೆ ಭಾಷೆಯವರಿಗೂ ಆಗುತ್ತಿತ್ತು. ಓದು ಬಾರದವರಿಗೆ ಟೆಂಟಿನಲ್ಲಿ ಒಬ್ಬರು ನಿಂತು ಕಥೆ ವಿವರಿಸುತ್ತಿದ್ದರು.

1931ರಲ್ಲಿ ‘ಆಲಂ ಆರಾ’ ಬಂದ ಮೇಲೆ ಭಾರತದ ಸಿನಿಮಾ ಮಾತಾಡತೊಡಗಿತು. ಆಗ ಪ್ರತಿ ಭಾಷೆಗೂ ಅದನ್ನು ಸ್ಪಷ್ಟವಾಗಿ ಆಡಬಲ್ಲ, ಹಾಡಬಲ್ಲ ಕಲಾವಿದರು ಬೇಕಾದರು. ಕನ್ನಡಕ್ಕೆ ಅವರನ್ನು ಕೊಟ್ಟದ್ದು ವೃತ್ತಿ ರಂಗಭೂಮಿ. ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ಆರ್. ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬಾ ಸುಲೋಚನೆಯಾದರು. ಸಂಭಾಷಣೆ, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ನಿರ್ದೇಶನದ ಜೊತೆಗೆ ರಾವ್ ಲಕ್ಷ್ಮಣನ ಪಾತ್ರವನ್ನೂ ಮಾಡಿದರು. ಹಣ ಹಾಕಿದವರು ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣವಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನುಡಿ ಕನ್ನಡ ನಾಟಕದ್ದು. ಕ್ಯಾಮೆರಾ ಮುಂದೆ ಕಥೆ ಹೇಳುವ ಕಸುಬು ರಾವ್ ಮೂಕಿಯಲ್ಲಿ ಕಲಿತದ್ದು.

ಅವರು ಅಲ್ಲಿಗೇ ನಿಲ್ಲಲಿಲ್ಲ. ತಮಿಳಿನಲ್ಲಿ ಅವರ ‘ಚಿಂತಾಮಣಿ’ (1937) ಮಧುರೆಯಲ್ಲಿ ವರ್ಷಕ್ಕೂ ಮೀರಿ ಓಡಿತು. ತೆಲುಗಿನ ‘ಮಳ್ಳೀ ಪೆಳ್ಳಿ’ (1939) ವಿಧವಾ ವಿವಾಹದ ಪರವಾಗಿ ನಿಂತಿತು. ಅದರಲ್ಲಿ ಅವರೇ ನಾಯಕ. ನಟಿ ಲಕ್ಷ್ಮಿ ಅವರ ಮಗಳು. 1973ರಲ್ಲಿ ರಾವ್ ತೀರಿಕೊಂಡರು.

ದುಃಖದ ಸಂಗತಿಯೆಂದರೆ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ನಮ್ಮ ಮೊದಲ ಮಾತಿನ ಚಿತ್ರದ ದನಿಯನ್ನೇ ನಾವು ಕೇಳಲಾರೆವು. ಮರಾಠಿ ನೆಲ, ತೆಲುಗು ನಿರ್ದೇಶಕ, ಮಾರವಾಡಿ ಹಣ, ಕನ್ನಡದ ಕಲಾವಿದರು, ಇಷ್ಟೂ ಸೇರಿ ಆದ ಕೆಲಸವದು. ಗಡಿಯಾಚೆ ಕನ್ನಡ ಓದಿ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ, ಮಕ್ಕಳೇ, ಈ ಕಥೆಯನ್ನು ಅವರಿಗೆ ಹೇಳಿರಿ.