ಹೀಬ್ರೂ ವಂಶಾವಳಿಗಳಲ್ಲಿ ವ್ಯಕ್ತಿನಾಮಗಳ ಅರ್ಥವಿಚಾರ

ಹಳೆಯ ಒಡಂಬಡಿಕೆಯನ್ನು ಓದುವವರು ಸಾಮಾನ್ಯವಾಗಿ ದಾಟಿಸಿಬಿಡುವ ಭಾಗಗಳೆಂದರೆ ಅದರ ವಂಶಾವಳಿಗಳು. ಇಂಥವನು ಇಂಥವನನ್ನು ಪಡೆದನೆಂಬ ಮಾತಿನ ಪುನರಾವರ್ತನೆ ಬೇಸರ ತರುವುದು ಸಹಜ. ಆದರೆ ಪ್ರಾಚೀನ ಹೀಬ್ರೂ ಹೆಸರುಗಳಲ್ಲಿ ಬಹುಪಾಲು ಸಾರ್ಥಕ ಪದಗಳು. ಎಷ್ಟೋ ಹೆಸರುಗಳು ಕರ್ತೃ ಕ್ರಿಯೆಗಳನ್ನುಳ್ಳ ಪೂರ್ಣ ವಾಕ್ಯಗಳು. ಹೀಗಾಗಿ ವಂಶಾವಳಿಯೆಂಬುದು ಒಂದು ಬಗೆಯ ಶಬ್ದಕೋಶವೂ ಹೌದು. ಈ ಶಬ್ದಕೋಶವನ್ನು ಬಳಸುವಾಗ ಗ್ರಂಥಕಾರನು ತಾನೇ ಕೊಡುವ ಅರ್ಥ ಯಾವುದು, ಭಾಷಾವಿಜ್ಞಾನ ಒಪ್ಪುವ ಅರ್ಥ ಯಾವುದು, ತರುವಾಯದ ಭಕ್ತರು ಆರೋಪಿಸಿದ ಅರ್ಥ ಯಾವುದು ಎಂಬುದನ್ನು ಬೇರ್ಪಡಿಸದಿದ್ದರೆ ಎಂತಹ ಪ್ರಮಾದ ಉಂಟಾಗುವುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸಲಾಗಿದೆ.

ಆದಿಕಾಂಡದ ಐದನೆಯ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರುಗಳ ಪಟ್ಟಿಯಿದೆ. ಅಲ್ಲಿ ಹೆಸರಿಗೆ ಕಾರಣ ಹೇಳಿರುವುದು ನೋಹನ ವಿಷಯದಲ್ಲಿ ಮಾತ್ರ. ಶಪಿತವಾದ ಭೂಮಿಯ ದುಡಿಮೆಯಲ್ಲಿ ಈತನು ನಮಗೆ ಸಮಾಧಾನ ಕೊಡುವನೆಂದು ತಂದೆ ಲೆಮೆಕನು ಹೇಳುತ್ತಾನೆ. ಇಲ್ಲಿರುವ ಕ್ರಿಯಾಪದ ‘ನಹಮ್’, ಎಂದರೆ ಸಂತೈಸು. ‘ನೋಹ’ ಎಂಬ ಹೆಸರಾದರೋ ‘ನೂಹ್’ ಎಂಬ ಬೇರೊಂದು ಧಾತುವಿಗೆ ಹೊಂದುತ್ತದೆ. ಅದರ ಅರ್ಥ ವಿಶ್ರಮಿಸು. ಈ ತೊಡಕನ್ನು ಆಧುನಿಕರು ಕಂಡುಹಿಡಿದದ್ದಲ್ಲ. ಹೆಸರಿಗೂ ಅದರ ವಿವರಣೆಗೂ ತಾಳೆಯಿಲ್ಲವೆಂದು ‘ಬೆರೇಷೀತ್ ರಬ್ಬಾ’ ಎಂಬ ಪ್ರಾಚೀನ ಯೆಹೂದಿ ವ್ಯಾಖ್ಯಾನವೇ ನೇರವಾಗಿ ಹೇಳಿದೆ. ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ‘ವಿಶ್ರಾಂತಿ ಕೊಡುವನು’ ಎಂಬ ಪಾಠವನ್ನಿಟ್ಟು ತೊಡಕನ್ನು ನಿವಾರಿಸಿಕೊಂಡಿದೆ. ಹೀಬ್ರೂ ಲೇಖಕನಿಗೆ ವ್ಯುತ್ಪತ್ತಿ ಬೇಕಿರಲಿಲ್ಲ, ಧ್ವನಿಸಾಮ್ಯವೇ ಸಾಕಾಗಿತ್ತು ಎಂಬುದು ಸ್ಪಷ್ಟ. ಬೆಂದ ಕಾಳಿನ ಕಥೆಯಿಂದ ಬೆಂಗಳೂರಿನ ಹೆಸರನ್ನು ವಿವರಿಸುವ, ಆದರೆ ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲೇ ಆ ಹೆಸರಿರುವುದನ್ನು ಬಲ್ಲ ನಮ್ಮ ವಾಚಕರಿಗೆ ಈ ಬಗೆಯ ಜನನಿರುಕ್ತಿ ಹೊಸದೇನಲ್ಲ.

ಕಾಯಿನನ ಹೆಸರೂ ಇಂಥದೇ. ಹವ್ವಳು ಮಗನನ್ನು ‘ಪಡೆದೆ’ನೆಂದು ಹೇಳುವಲ್ಲಿ ‘ಕಾನಾ’ ಎಂಬ ಕ್ರಿಯಾಪದವಿದೆ. ಆದರೆ ‘ಕಯಿನ್’ ಎಂಬ ಇದೇ ಶಬ್ದ ಸಮುವೇಲನ ಎರಡನೆಯ ಗ್ರಂಥದಲ್ಲಿ ಈಟಿಯ ಅರ್ಥದಲ್ಲಿ ಬಂದಿದೆ. ಅರಬ್ಬಿಯ ‘ಕಯ್ನ್’ ಎಂದರೆ ಕಮ್ಮಾರ. ಅವನ ಸಂತತಿಯಲ್ಲಿ ಲೋಹದ ಕೆಲಸಗಾರನಾದ ತೂಬಲ್‌ಕಾಯಿನನು ಬರುವುದು ಆಕಸ್ಮಿಕವೆನ್ನಲಾಗದು. ತಮ್ಮನಾದ ಹೇಬೆಲನ ಹೆಸರಿಗೆ ಗ್ರಂಥವು ಯಾವ ವಿವರಣೆಯನ್ನೂ ಕೊಡುವುದಿಲ್ಲ. ‘ಹೆವೆಲ್’ ಎಂದರೆ ಉಸಿರು, ಆವಿ. ಪ್ರಸಂಗಿ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ, ಕನ್ನಡದಲ್ಲಿ ‘ವ್ಯರ್ಥ’ವೆಂದು ಅನುವಾದಗೊಂಡಿರುವ ಪದವೂ ಇದೇ. ಹುಟ್ಟುವಾಗಲೇ ಅಳಿದುಹೋಗುವವನ ಹೆಸರನ್ನು ಹೊತ್ತ ಈ ತರುಣನ ಕಥೆ ಮೂಲದಲ್ಲಿ ಓದುವವನಿಗೆ ಕೊಡುವ ತಳಮಳ ಕನ್ನಡದ ಓದುಗನಿಗೆ ದಕ್ಕುವುದಿಲ್ಲ. ಇದು ಅನುವಾದಕರ ದೋಷವಲ್ಲ. ಅಂಕಿತನಾಮವನ್ನು ಲಿಪ್ಯಂತರಿಸದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ನಾಲ್ಕನೆಯ ಅಧ್ಯಾಯದಲ್ಲಿರುವ ಕಾಯಿನ, ಹನೋಕ, ಈರಾದ, ಮೆಹೂಯಾಯೇಲ, ಮೆತೂಷಾಯೇಲ, ಲೆಮೆಕ ಎಂಬ ಸಾಲನ್ನು ಐದನೆಯ ಅಧ್ಯಾಯದ ಕೇನಾನ, ಮಹಲಲೇಲ, ಯೆರೆದ, ಹನೋಕ, ಮೆತೂಷೆಲಹ, ಲೆಮೆಕ ಎಂಬ ಸಾಲಿನೊಡನೆ ಹೋಲಿಸಿದರೆ, ಒಂದೇ ಪರಂಪರೆ ಎರಡು ರೂಪಗಳಲ್ಲಿ ಉಳಿದುಬಂದಿರಬಹುದೆಂಬ ವಿದ್ವಾಂಸರ ಊಹೆಗೆ ಆಧಾರ ದೊರೆಯುತ್ತದೆ. ಮೆತೂಷಾಯೇಲ ಎಂಬುದು ‘ದೇವರ ಮನುಷ್ಯ’ ಎಂಬರ್ಥದ, ಅಕ್ಕಾಡಿಯನ್ ಮಾದರಿಯ ರಚನೆ. ಇದರಲ್ಲಿರುವ ‘ಮುತು’ (ಪುರುಷ) ಎಂಬ ಅಂಶ ಮಾರಿ ನಗರದ ಜೇಡಿಮಣ್ಣಿನ ಫಲಕಗಳಲ್ಲಿರುವ ಅಮೋರೀಯ ಹೆಸರುಗಳಲ್ಲಿಯೂ ಕಾಣುತ್ತದೆ. ಮೆತೂಷೆಲಹನ ಪೂರ್ವಪದವೂ ಇದೇ. ಉತ್ತರಪದವು ಆಯುಧವಾಚಿಯೋ ದೇವತಾವಾಚಿಯೋ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

ಜನಪ್ರಿಯ ಬರೆಹಗಳಾದರೋ ಈ ಹೆಸರನ್ನು ‘ಸಾವು’ ಎಂಬರ್ಥದ ಧಾತುವಿಗೆ ಜೋಡಿಸಿ, ಈತನ ಮರಣದೊಡನೆ ಪ್ರಳಯ ಬರುವುದೆಂಬ ಮುನ್ಸೂಚನೆಯನ್ನು ಕಾಣುತ್ತವೆ. ಪ್ರಚಲಿತ ಹೀಬ್ರೂ ಪಾಠದ ಲೆಕ್ಕವೇನೋ ಇದಕ್ಕೆ ಒದಗಿಬರುತ್ತದೆ: ಲೆಮೆಕನು ಹುಟ್ಟಿದಾಗ 187, ನೋಹನು ಹುಟ್ಟಿದಾಗ ಲೆಮೆಕನಿಗೆ 182, ಪ್ರಳಯದ ಕಾಲಕ್ಕೆ ನೋಹನಿಗೆ 600, ಒಟ್ಟು 969, ಮೆತೂಷೆಲಹನ ಆಯುಷ್ಯವೂ ಅಷ್ಟೇ. ಆದರೆ ಸೆಪ್ಟುಅಜಿಂಟಿನ ಒಂದು ಪಾಠದಂತೆ ಮೊದಲೆರಡು ಸಂಖ್ಯೆಗಳು 167 ಮತ್ತು 188. ಆ ಪ್ರಕಾರ ಈತನು ಪ್ರಳಯದ ನಂತರವೂ 14 ವರ್ಷ ಬದುಕಬೇಕಾಗುತ್ತದೆ! ಹತ್ತು ಹೆಸರುಗಳನ್ನೂ ಪೋಣಿಸಿ ಒಂದು ಗುಪ್ತ ಸಂದೇಶವನ್ನು ಓದುವ ಪ್ರಯತ್ನಗಳೂ ಇವೆ. ಪ್ರತಿ ಹೆಸರಿಗೂ ಸಾಧ್ಯವಿರುವ ಅರ್ಥಗಳಲ್ಲಿ ಅನುಕೂಲವಾದುದನ್ನೇ ಆಯ್ದುಕೊಂಡರೆ ಯಾವ ವಾಕ್ಯವನ್ನಾದರೂ ಕಟ್ಟಬಹುದು. ಲೆಮೆಕ ಎಂಬ ಹೆಸರಿಗಂತೂ ಹೀಬ್ರೂವಿನಲ್ಲಿ ಒಪ್ಪಿತವಾದ ಧಾತುವೇ ಇಲ್ಲ. ಹಾಗೆಂದು ಇಂತಹ ಅರ್ಥಾರೋಪಣೆ ಈಚಿನದೆಂದು ಭಾವಿಸಬೇಕಿಲ್ಲ. ‘ಯೆರೆದ’ನ ಹೆಸರಿನಲ್ಲಿ ‘ಇಳಿ’ ಎಂಬರ್ಥದ ಧಾತುವನ್ನು ಕಂಡು, ದೇವದೂತರು ಭೂಮಿಗಿಳಿದದ್ದು ಇವನ ಕಾಲದಲ್ಲಿ ಎಂದು ಕ್ರಿಸ್ತಪೂರ್ವ ಎರಡನೆಯ ಶತಮಾನದ ‘ಜೂಬಿಲಿಗಳ ಗ್ರಂಥ’ ಹೇಳಿದೆ. ನಾಲ್ಕನೆಯ ಶತಮಾನದ ಕೊನೆಗೆ ಜೆರೋಮನು ಹೀಬ್ರೂ ನಾಮಾರ್ಥಗಳ ಲ್ಯಾಟಿನ್ ಕೋಶವೊಂದನ್ನೇ ಸಿದ್ಧಪಡಿಸಿದನು; ಮಧ್ಯಯುಗದ ಯುರೋಪು ಅದನ್ನು ಬಹುಕಾಲ ನೆಚ್ಚಿಕೊಂಡಿತ್ತು.

1928ರಲ್ಲಿ ಜರ್ಮನ್ ವಿದ್ವಾಂಸ ಮಾರ್ಟಿನ್ ನೋಥ್ ಇಸ್ರೇಲಿನ ವ್ಯಕ್ತಿನಾಮಗಳನ್ನು ಇತರ ಸೆಮಿಟಿಕ್ ಭಾಷೆಗಳ ನಾಮಕರಣ ಪದ್ಧತಿಯೊಂದಿಗಿಟ್ಟು ಅಭ್ಯಸಿಸಿದ ಮೇಲೆ ಈ ಕ್ಷೇತ್ರದ ಸ್ವರೂಪ ಬದಲಾಯಿತು. ಹೆಸರಿನ ಅರ್ಥಕ್ಕಿಂತ ಅದರಲ್ಲಿ ಅಡಗಿರುವ ದೇವತಾವಾಚಕವೇ ಇತಿಹಾಸಕಾರನಿಗೆ ಹೆಚ್ಚು ಉಪಯುಕ್ತವಾಯಿತು. ಇದಕ್ಕೆ ಸೌಲನ ಮನೆತನ ಉತ್ತಮ ನಿದರ್ಶನ. ಅವನ ಒಬ್ಬ ಮಗ ಯೋನಾತಾನ, ಎಂದರೆ ಯೆಹೋವನು ಕೊಟ್ಟವನು. ಇನ್ನೊಬ್ಬನನ್ನು ಸಮುವೇಲನ ಗ್ರಂಥವು ಈಷ್ಬೋಶೆತ್ ಎನ್ನುತ್ತದೆ. ‘ಬೋಶೆತ್’ ಎಂದರೆ ನಾಚಿಕೆ. ಅದಕ್ಕಿಂತ ತರುವಾಯದ ಪೂರ್ವಕಾಲವೃತ್ತಾಂತದ ವಂಶಾವಳಿಯಾದರೋ ಅವನನ್ನು ಎಷ್ಬಾಳ್, ಎಂದರೆ ಬಾಳನ ಮನುಷ್ಯ ಎಂದು ಕರೆದಿದೆ. ಅನ್ಯದೇವತೆಯ ಹೆಸರನ್ನು ಉಚ್ಚರಿಸಲೊಲ್ಲದ ಲಿಪಿಕಾರರು ಅಲ್ಲಿ ‘ನಾಚಿಕೆ’ಯನ್ನು ತುಂಬಿದರೆಂಬುದು ರೂಢಿಯ ವಿವರಣೆ. ‘ಬೋಶೆತ್’ ಅಕ್ಕಾಡಿಯನ್ನಿನ ‘ಬಾಷ್ತು’ (ಘನತೆ) ಎಂಬುದಕ್ಕೆ ಸಂಬಂಧಿಸಿದ್ದು, ನಿಂದೆಯಲ್ಲ ಎಂಬ ವಾದವೂ ಇದೆ. ಏನೇ ಇರಲಿ, ಕಥನಭಾಗದಲ್ಲಿ ಮರೆಯಾದ ಹೆಸರು ಒಣಪಟ್ಟಿಯೊಂದರಲ್ಲಿ ಸುರಕ್ಷಿತವಾಗಿ ಉಳಿಯಿತು. ತಿದ್ದುಪಡಿಗಾರರ ಕಣ್ಣು ಪಟ್ಟಿಗಳ ಮೇಲೆ ಅಷ್ಟಾಗಿ ಬೀಳುವುದಿಲ್ಲವೇನೋ!

ಈ ಹೆಸರಿಗೆ ಗ್ರಂಥದ ಹೊರಗಿನ ಸಾಕ್ಷ್ಯವೂ ದೊರೆತಿದೆ. ಇಸ್ರೇಲಿನ ಏಲಾ ಕಣಿವೆಯ ಖಿರ್ಬೆತ್ ಕೆಯಾಫಾ ಎಂಬಲ್ಲಿ 2012ರಲ್ಲಿ ಒಡೆದ ಮಣ್ಣಿನ ಕೊಡವೊಂದು ಸಿಕ್ಕಿತು. ಚೂರುಗಳನ್ನು ಜೋಡಿಸಿದಾಗ, ಬೇಯಿಸುವ ಮೊದಲೇ ಕೊರೆದಿದ್ದ ಬರೆಹ ಗೋಚರಿಸಿತು, 2015ರಲ್ಲಿ ಪ್ರಕಟವಾಯಿತು. ಕ್ರಿಸ್ತಪೂರ್ವ ಸುಮಾರು ಸಾವಿರದ ಆ ಬರೆಹದಲ್ಲಿರುವುದು ಬೇದಾ ಎಂಬುವನ ಮಗ ಎಷ್ಬಾಳನ ಹೆಸರು. ತಂದೆಯ ಹೆಸರು ಬೇರೆಯಾದುದರಿಂದ ಇವನು ಸೌಲನ ಮಗನಲ್ಲ. ಸೌಲನ ಕಾಲಕ್ಕೆ ಸಮೀಪದಲ್ಲಿ, ಅದೇ ಸೀಮೆಯಲ್ಲಿ, ಆ ಹೆಸರನ್ನು ಇಟ್ಟುಕೊಳ್ಳುತ್ತಿದ್ದರೆಂಬುದಕ್ಕೆ ಅಷ್ಟು ಸಾಕು.